ಪ್ಯಾಲ್ ಎಂಬ ಮಾತಿನ ಮೂಲ

ಇಂಗ್ಲಿಷರು ಸಲಿಗೆಯ ಮಾತಿನಲ್ಲಿ ಗೆಳೆಯನನ್ನು 'ಪ್ಯಾಲ್' ಎಂದು ಕರೆಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಕನ್ನಡದ ಕಿವಿಗೆ 'ಪಾಲು' 'ಪಾಲುಗಾರ' ಎಂಬ ಮಾತುಗಳು ಕೂಡಲೆ ನೆನಪಾಗಬಹುದು. ಆದರೆ ಇವೆರಡಕ್ಕೂ ನಂಟಿಲ್ಲ. ನಂಟಿರುವುದು ಸಂಸ್ಕೃತದ 'ಭ್ರಾತೃ' ಶಬ್ದದೊಡನೆ.

ಈ ಶಬ್ದವನ್ನು ಇಂಗ್ಲೆಂಡಿಗೆ ತಂದವರು ಜಿಪ್ಸಿಗಳೆಂದು ಹೆಸರಾದ ರೋಮಾ ಜನರು. ಅವರು ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಆ ಹೆಸರು ಹುಟ್ಟಿತು. ವಾಸ್ತವವಾಗಿ ಅವರ ಪೂರ್ವಿಕರು ಭರತಖಂಡದಿಂದ ಹೊರಟವರು. ಅವರು ನಡೆದ ದಾರಿಯನ್ನು ಅವರ ಎಣಿಕೆಯೇ ಹೇಳುತ್ತದೆ: ಎರಡು 'ದುಯಿ', ಐದು 'ಪಾಂಜ್', ಹತ್ತು 'ದೇಶ್', ಏಳು, ಎಂಟು, ಒಂಬತ್ತು ಮಾತ್ರ ಗ್ರೀಕರಿಂದ ಪಡೆದವು. ಸೋದರನಿಗೆ ಅವರು 'ಫ್ರಲ್' ಎನ್ನುವರು. ಭಕಾರವು ಫಕಾರವಾಗಿ, ನಡುವಣ ತಕಾರವು ಲಕಾರವಾಗಿ, 'ಭ್ರಾತೃ'ವು ಈ ರೂಪವನ್ನು ತಾಳಿತು. ಇಂಗ್ಲೆಂಡಿನಲ್ಲಿ ಅದು 'ಪ್ರಲ್', 'ಪ್ಲಲ್' ಎಂದು ಸವೆದು 'ಪಲ್' ಆಯಿತು.

ಇಂಗ್ಲಿಷ್ ಬರಹದಲ್ಲಿ ಅದು ಮೊದಲು ಕಾಣುವುದು 1682ರ ಸುಮಾರಿಗೆ, ಹೆರೆಫರ್ಡ್ ಪ್ರಾಂತದ ಕ್ರೈಸ್ತಧರ್ಮಾಧಿಕಾರಿಗಳ ದಾಖಲೆಯಲ್ಲಿ. ಆಗ ದೇಶದ ಶಾಸನ ಹೇಗಿತ್ತೆಂಬುದನ್ನು ನಾವು ನೆನೆಯಬೇಕು. 1530ರಲ್ಲಿ ಎಂಟನೆಯ ಹೆನ್ರಿಯ ಕಾಲದ ಶಾಸನವು ಈ ಜನರನ್ನು ನಾಡು ಬಿಟ್ಟು ಹೋಗೆಂದಿತು. 1554ರ ಶಾಸನವು ಹೋಗದೆ ಉಳಿದವರಿಗೆ ಮರಣದಂಡನೆಯನ್ನು ವಿಧಿಸಿತು. ಎಲಿಜಬೆತ್ ರಾಣಿಯ ಕಾಲದಲ್ಲಿ, 1562ರ ಶಾಸನವು ಇನ್ನೂ ಮುಂದೆ ಹೋಗಿ, ಅವರ ಸಂಗಡ ಒಂದು ತಿಂಗಳು ಕಳೆದವನಿಗೂ ಅದೇ ದಂಡನೆಯೆಂದಿತು. ಎಂದರೆ ಅವರ ಗೆಳೆತನವೇ ಅಪರಾಧ! ಆದರೂ ಸಂತೆಯಲ್ಲಿಯೂ ದಾರಿಯಲ್ಲಿಯೂ ಇಂಗ್ಲಿಷರು ಅವರೊಡನೆ ಬೆರೆಯದೆ ಇರಲಿಲ್ಲ. ಬೆರೆಯದಿದ್ದರೆ ಈ ಮಾತು ಕೈದಾಟುತ್ತಿರಲಿಲ್ಲ. ಆ ಕ್ರೂರ ಶಾಸನವು ರದ್ದಾದುದು 1783ರಲ್ಲಿ.

ಅದಕ್ಕೆ ಒಂದು ವರ್ಷ ಹಿಂದೆ, 1782ರಲ್ಲಿ, ಜರ್ಮನಿಯ ರ್ಯೂಡಿಗರ್ ಎಂಬ ಪಂಡಿತನು ರೋಮಾ ನುಡಿಯನ್ನು ಹಿಂದೂಸ್ಥಾನಿಯೊಡನೆ ಹೋಲಿಸಿ ಅದು ಭಾರತೀಯವೆಂದು ತೋರಿಸಿದನು. ಇಂಗ್ಲಿಷಿನ 'ಬ್ರದರ್' ಶಬ್ದವೂ 'ಭ್ರಾತೃ'ವೂ ಒಂದೇ ಪ್ರಾಚೀನ ಮೂಲದ ಕವಲುಗಳಷ್ಟೆ. ಹಾಗಾಗಿ ಇಂಗ್ಲಿಷರು ತಮ್ಮ ಮನೆಯಲ್ಲಿಯೇ ಇದ್ದ ಮಾತನ್ನು, ತಾವು ಅಟ್ಟಬಯಸಿದ ಜನರ ಬಾಯಿಂದ, ಎರಡನೆಯ ಸಲ ಪಡೆದುಕೊಂಡರು.

ಪಡೆದುಕೊಂಡವರು ಬಹುಕಾಲ ಅದಕ್ಕೆ ಮರ್ಯಾದೆಯನ್ನು ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದು ಕಳ್ಳರ ಗುಪ್ತಭಾಷೆಯ ಕೋಶದಲ್ಲಿ ಸಹಚರನೆಂಬ ಅರ್ಥದೊಡನೆ, ಅಪರಾಧದ ಜೊತೆಗಾರನೆಂಬ ಅರ್ಥದಲ್ಲಿಯೂ ನಿಂತಿತು. 1874ರಲ್ಲಿ ಜಾರ್ಜ್ ಬಾರೋ ಪ್ರಕಟಿಸಿದ ಇಂಗ್ಲೆಂಡಿನ ರೋಮಾ ನುಡಿಯ ಕೋಶದಲ್ಲಾದರೋ ಅದರ ಅರ್ಥ ಸೋದರನೆಂದೇ ಇದೆ.