ಗಡ್ಡೆಯ ಉಷ್ಣ ಲೆಕ್ಕದಲ್ಲಿ ರಕ್ತದ ಪಾಲು

ಕಾಂತೀಯ ನ್ಯಾನೋಕಣ ಚಿಕಿತ್ಸೆಯ ಗಣಕ ಮಾದರಿಗಳಲ್ಲಿ ಸಂಶೋಧಕರ ಶ್ರಮ ಬಹುಪಾಲು ಕಣದ ಭೌತಶಾಸ್ತ್ರಕ್ಕೇ ಸಲ್ಲುತ್ತದೆ. ಪರ್ಯಾಯ ಕಾಂತಕ್ಷೇತ್ರದಲ್ಲಿ ಕಬ್ಬಿಣದ ಆಕ್ಸೈಡ್ ಕಣ ಎಷ್ಟು ಶಾಖ ಬಿಡುತ್ತದೆ ಎಂಬುದಕ್ಕೆ ರೋಸೆನ್ಸ್‌ವೈಗ್ 2002ರಲ್ಲಿ ಕೊಟ್ಟ ಸೂತ್ರ ಇಂದಿಗೂ ಆಧಾರ. ಆದರೆ ತಾಪದ ಅಂದಾಜು ದಾರಿ ತಪ್ಪುವುದು ಹೆಚ್ಚಾಗಿ ಕಣದ ಹೊರಗೆ, ರಕ್ತದ ಹರಿವನ್ನು ಊಹಿಸುವ ಹಂತದಲ್ಲಿ ಎಂಬುದು ಇಲ್ಲಿನ ವಾದ.

ಬಿಡಿ ಕಣ ತನ್ನ ಸುತ್ತ ಸುಡುತ್ತದೆ ಎಂಬ ಕಲ್ಪನೆಯನ್ನು ಮೊದಲು ಬದಿಗಿಡಬೇಕು. 10 ನ್ಯಾನೋಮೀಟರ್ ತ್ರಿಜ್ಯದ ಕಣ ಗ್ರಾಂಗೆ 100 ವಾಟ್ ದರದಲ್ಲಿ ಶಾಖ ಬಿಟ್ಟರೂ ಅದರ ಮೇಲ್ಮೈಯ ತಾಪ ಏರುವುದು ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಗಡ್ಡೆ ಬಿಸಿಯಾಗುವುದು ಕೋಟ್ಯಂತರ ಕಣಗಳ ಶಾಖ ಕೂಡಿದಾಗ ಮಾತ್ರ. ಹಾಗಾಗಿ ಮಿಲಿಮೀಟರ್ ಅಳತೆಯಲ್ಲಿ ಕಣಗಳನ್ನು ಹರಡಿದ ಶಾಖಮೂಲವೆಂದು ಭಾವಿಸಿ, ಪೆನ್ನೆಸ್ 1948ರಲ್ಲಿ ಮುಂದೋಳಿನ ತಾಪವನ್ನು ಅಳೆದು ರೂಪಿಸಿದ ಸಮೀಕರಣವನ್ನೇ ಬಳಸಬಹುದು. ರಕ್ತವು ಅಪಧಮನಿಯ ತಾಪದಲ್ಲಿ ಬಂದು ಅಂಗಾಂಶದ ತಾಪ ಪಡೆದು ಹೊರಡುತ್ತದೆ ಎಂಬುದು ಅದರ ಗ್ರಹಿಕೆ.

5 ಮಿಲಿಮೀಟರ್ ತ್ರಿಜ್ಯದ ಗೋಳಾಕಾರದ ಗಡ್ಡೆಯನ್ನು ತೆಗೆದುಕೊಳ್ಳೋಣ. ಪ್ರತಿ ಘನ ಸೆಂಟಿಮೀಟರಿಗೆ ಅರ್ಧ ವಾಟ್ ಶಾಖ, ಮೀಟರ್-ಕೆಲ್ವಿನ್‌ಗೆ 0.5 ವಾಟ್ ಉಷ್ಣವಾಹಕತೆ, ಗಡ್ಡೆಯ ಒಳಗೂ ಹೊರಗೂ ಒಂದೇ ರಕ್ತಹರಿವು ಎಂದಿಟ್ಟುಕೊಂಡರೆ ಸ್ಥಿರಸ್ಥಿತಿಯ ಉತ್ತರ ಕಾಗದದ ಮೇಲೇ ಸಿಗುತ್ತದೆ. ಹರಿವು 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ 50 ಮಿಲಿಲೀಟರ್ ಇದ್ದರೆ (ಆರೋಗ್ಯವಂತ ಮಿದುಳಿನ ಸರಾಸರಿ ಸುಮಾರು ಇಷ್ಟು) ನಡುವಿನ ತಾಪ 42.5 ಡಿಗ್ರಿ ಸೆಲ್ಸಿಯಸ್. ಹರಿವು 5 ಮಿಲಿಲೀಟರಿಗೆ ಇಳಿದರೆ 46.6. ನಾಲ್ಕು ಡಿಗ್ರಿ ತಾನೇ ಎನ್ನುವಂತಿಲ್ಲ. ಸಪರೆಟೊ ಮತ್ತು ಡ್ಯೂಯಿ 1984ರಲ್ಲಿ ಸೂಚಿಸಿದಂತೆ ಪ್ರಮಾಣವನ್ನು 43 ಡಿಗ್ರಿಗೆ ಸಮನಾದ ನಿಮಿಷಗಳಲ್ಲಿ ಎಣಿಸಿದರೆ, ಒಂದು ಗಂಟೆಯ ಚಿಕಿತ್ಸೆ ಮೊದಲ ಸಂದರ್ಭದಲ್ಲಿ 30 ನಿಮಿಷ, ಎರಡನೆಯದರಲ್ಲಿ 700ಕ್ಕೂ ಹೆಚ್ಚು. ಕಣದ ಗಾತ್ರವನ್ನು ದಶಮಾಂಶದವರೆಗೆ ತಿದ್ದುವ ಮಾದರಿಯೊಂದು ಹರಿವಿಗೆ ಪಠ್ಯಪುಸ್ತಕದ ಒಂದೇ ಅಂಕಿಯನ್ನು ತುಂಬಿ ಮುಂದೆ ಸಾಗುವುದು ನನಗಂತೂ ಒಪ್ಪಿಗೆಯಾಗದು. ಕಾಯಿಸಿದಾಗ ಹರಿವೂ ಬದಲಾಗುತ್ತದೆ: ಆರೋಗ್ಯವಂತ ಅಂಗಾಂಶದ ನಾಳಗಳು ಹಿಗ್ಗುತ್ತವೆ, ಗಡ್ಡೆಯ ನಾಳಗಳು ಕುಸಿಯಲೂಬಹುದು. ದೊಡ್ಡ ರಕ್ತನಾಳದ ಪಕ್ಕದಲ್ಲಂತೂ ಪೆನ್ನೆಸ್ ಗ್ರಹಿಕೆಯೇ ನಿಲ್ಲುವುದಿಲ್ಲ.

ಬರ್ಲಿನ್‌ನ ಮ್ಯಾಗ್‌ಫೋರ್ಸ್ ಸಂಸ್ಥೆಯ ವಿಧಾನಕ್ಕೆ 2010ರಲ್ಲಿ ಮಿದುಳಿನ ಗಡ್ಡೆಗಳ ಚಿಕಿತ್ಸೆಗಾಗಿ ಯುರೋಪಿನಲ್ಲಿ ಅನುಮತಿ ದೊರೆಯಿತು. ಅದರ ಕ್ಷೇತ್ರದ ಆವರ್ತನ 100 ಕಿಲೋಹರ್ಟ್ಸ್. ಅಲ್ಲಿ ಕಣಗಳ ಹಂಚಿಕೆಯನ್ನು ಸಿ.ಟಿ. ಸ್ಕ್ಯಾನಿನಿಂದ ಅಂದಾಜಿಸಿ, ಗಡ್ಡೆಯೊಳಗಿಟ್ಟ ತನಿಖಾನಳಿಕೆಯಿಂದ ತಾಪ ಅಳೆಯುತ್ತಿದ್ದರು. ಆದರೆ ಒಂದು ಬಿಂದುವಿನ ಒಂದು ಸ್ಥಿರ ತಾಪದಿಂದ ಶಾಖಮೂಲ, ರಕ್ತಹರಿವು ಎರಡನ್ನೂ ಬೇರ್ಪಡಿಸಲಾಗದು. ಹೆಚ್ಚು ಶಾಖ ಮತ್ತು ಹೆಚ್ಚು ಹರಿವು ಕೂಡಿದರೂ ಅದೇ ಅಂಕಿ ಬಂದೀತು.

ಬೇರ್ಪಡಿಸುವ ಮಾಹಿತಿ ಇರುವುದು ಕಾಲದ ರೇಖೆಯಲ್ಲಿ. ಕ್ಷೇತ್ರ ಹಚ್ಚಿದ ಮೊದಲ ಕ್ಷಣಗಳಲ್ಲಿ ಅಂಗಾಂಶವಿನ್ನೂ ರಕ್ತದ ತಾಪದಲ್ಲೇ ಇರುವುದರಿಂದ ಏರಿಕೆಯ ದರ ಶಾಖಮೂಲವನ್ನಷ್ಟೇ ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಸೆಕೆಂಡಿಗೆ ಸುಮಾರು 0.13 ಡಿಗ್ರಿ. ಕ್ಷೇತ್ರ ಆರಿಸಿದ ಮೇಲಿನ ಇಳಿಕೆಯಲ್ಲಿ ಶಾಖಮೂಲವಿಲ್ಲ. ವಹನ ಮತ್ತು ಹರಿವಿನ ಗುರುತು ಮಾತ್ರ. ಈ ಎರಡು ತುದಿಗಳ ಅಳತೆಯನ್ನು ಮಾದರಿಗೆ ಉಣಿಸಲು ಹೊಸ ಉಪಕರಣ ಬೇಕಿಲ್ಲ, ಅಂಥ ತನಿಖಾನಳಿಕೆಯೇ ಸಾಕು.