ಡಿಮೆನ್ಶಿಯಾ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ವೃದ್ಧರ ಚಿಕಿತ್ಸೆಗಿರುವ ಅಡ್ಡಿಗಳು

ನೆನಪು, ವಿವೇಚನೆ, ಮಾತು ಕ್ರಮೇಣ ಕುಂದಿ ದಿನನಿತ್ಯದ ಬದುಕಿಗೇ ತೊಡಕಾಗುವ ಮಿದುಳಿನ ಕಾಯಿಲೆಗಳಿಗೆ ಡಿಮೆನ್ಶಿಯಾ ಎಂದು ಹೆಸರು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇದು ಇದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಚಿಕ್ಕಮಗಳೂರು ಜಿಲ್ಲೆಯ ಈ ಮಲೆನಾಡು ತಾಲ್ಲೂಕುಗಳಲ್ಲಿ ದೂರ, ಮಳೆಗಳಿಗಿಂತ ಮೊದಲು ಎದುರಾಗುವ ಅಡ್ಡಿ, ಕಾಯಿಲೆಯು ಕಾಯಿಲೆಯಾಗಿ ಕಾಣದಿರುವುದು. ಕೈ ಕಲಿತ ಕೆಲಸ ಬೇಗ ಮರೆಯುವುದಿಲ್ಲ. ಮಗನ ಹೆಸರಿಗೆ ತಡವರಿಸುವ ಅಜ್ಜಿ ಮೆಟ್ಟುಕತ್ತಿಯ ಮುಂದೆ ಕೂತರೆ ಹಿಂದಿನಂತೆಯೇ ಅಡಿಕೆ ಸುಲಿಯಬಲ್ಲರು. ‘ವಯಸ್ಸಾಯ್ತು, ಅರಳು ಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಉಂಡದ್ದು ಮರೆತು, ಸೊಸೆ ಊಟವೇ ಹಾಕಲಿಲ್ಲವೆಂದು ನೆಂಟರೆದುರು ದೂರಿದರೆ ಅದು ಮನೆಜಗಳವಾಗುತ್ತದೆಯೇ ಹೊರತು ರೋಗಲಕ್ಷಣವೆನಿಸುವುದಿಲ್ಲ. ಬಿ12 ಕೊರತೆ, ಥೈರಾಯ್ಡ್ ದೋಷ, ಖಿನ್ನತೆಯಿಂದ ಬಂದ ಮರೆವನ್ನು ಗುಣಪಡಿಸಬಹುದಾದ್ದರಿಂದ ವೈದ್ಯರಿಗೆ ತೋರಿಸುವಲ್ಲಿ ಹೀಗೆ ಆಗುವ ತಡ ದುಬಾರಿಯಾದದ್ದು.

ಪರೀಕ್ಷೆಯದೂ ಸಮಸ್ಯೆಯೇ. ಇವತ್ತಿನ ತಾರೀಖು ಯಾವುದು, ನೂರರಲ್ಲಿ ಏಳು ಕಳೆದರೆ ಎಷ್ಟು ಎಂಬಂಥ ಪ್ರಶ್ನೆಗಳು ಶಾಲೆ ಕಂಡವರಿಗೆ ಹೊಂದುತ್ತವೆ. ತಾರೀಖಿನ ಬದಲು ‘ಪುನರ್ವಸು ಮಳೆ ಹಿಡಿದಿದೆ’ ಎನ್ನುವವರ ಬುದ್ಧಿ ಸರಿಯಾಗಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷಾ ಸಾಧನ ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಆದರೆ ಇಲ್ಲಿನ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ.

ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಶೃಂಗೇರಿಯವರು ನೂರು ಹಾಸಿಗೆಯ ಆಸ್ಪತ್ರೆಗಾಗಿ ದೀರ್ಘಕಾಲ ಬೇಡಿಕೆಯಿಟ್ಟವರು. ಆದರೆ ನರರೋಗ ತಜ್ಞರನ್ನು ಕಾಣಲು ಶಿವಮೊಗ್ಗಕ್ಕೋ, ಘಾಟಿಯಿಳಿದು ಮಣಿಪಾಲ, ಮಂಗಳೂರಿಗೋ ಹೋಗಬೇಕು. ಮಿದುಳು, ಮನೋರೋಗಗಳ ರಾಷ್ಟ್ರೀಯ ಸಂಸ್ಥೆ ನಿಮ್ಹಾನ್ಸ್ ಇರುವ ಬೆಂಗಳೂರು ಶೃಂಗೇರಿಯಿಂದ 300 ಕಿಲೋಮೀಟರಿಗೂ ಆಚೆ. ಕಾರ್ಮಿಕರೇ 1991ರಲ್ಲಿ ಕಟ್ಟಿದ ಕೊಪ್ಪದ ಬಸ್ ಸಂಸ್ಥೆ ‘ಸಹಕಾರ ಸಾರಿಗೆ’ 2020ರಲ್ಲಿ ನಿಂತುಹೋಯಿತು. 2023ರ ಶಕ್ತಿ ಯೋಜನೆಯಲ್ಲಿ ಹೆಂಗಸರಿಗಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗಷ್ಟೇ; ಖಾಸಗಿ ಬಸ್ಸನ್ನೇ ನಂಬಿದ ಹಳ್ಳಿಗೆ ಅದು ಮುಟ್ಟುವುದಿಲ್ಲ. ಗುರುತಿಲ್ಲದ ಜಾಗದಲ್ಲಿ ಗಾಬರಿಯಾಗುವ ರೋಗಿಯನ್ನು ಜಡಿಮಳೆಯಲ್ಲಿ ಕಾಲುಸಂಕ ದಾಟಿಸಿ ಬಸ್ಸು ಹತ್ತಿಸುವುದು ಒಬ್ಬರಿಂದಾಗುವ ಕೆಲಸವಲ್ಲ.

ಆ ಎರಡನೆಯವರೇ ಮನೆಯಲ್ಲಿಲ್ಲ. ಹಳದಿ ಎಲೆ ರೋಗ ಅಡಿಕೆ ತೋಟದ ಆದಾಯ ತಿಂದುಹಾಕಿದ ಊರುಗಳಿಂದ ಮಕ್ಕಳು ಬೆಂಗಳೂರು ಸೇರಿದ್ದಾರೆ. ಒಂಟಿಮನೆಯಲ್ಲಿ ಮುದುಕರನ್ನು ಮುದುಕರೇ ಕಾಯಬೇಕು. ರಾತ್ರಿ ಎದ್ದು ಹೊರಟುಬಿಡುವ ರೋಗಿಗೆ ಅಂಗಳದಾಚೆ ಹಳ್ಳ, ಕೆರೆ, ಕಾಡು.

ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಶುರುವಾದ ರಾಜ್ಯದ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಹಂತ ನಡೆದದ್ದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ. ಅದೇ ವರ್ಷದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಎಲ್ಲರಿಗೂ ಉಚಿತ. ಆದರೆ ಕರೆ ಮಾಡಲು ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ಹೋಗಲು ರೋಗಿಯನ್ನು ಒಂಟಿಯಾಗಿ ಬಿಡಬೇಕಾದ ಮನೆಗಳೂ ಇವೆ. ಈ ಭಾಗಕ್ಕೆ ತುರ್ತಾಗಿ ಬೇಕಾದದ್ದು ತಾಲ್ಲೂಕು ಮಟ್ಟದಲ್ಲೇ ರಕ್ತಪರೀಕ್ಷೆ, ಔಷಧಿ, ಮತ್ತು ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಅಜ್ಜ, ಅಜ್ಜಿಯ ಮರೆವನ್ನೂ ವಿಚಾರಿಸುವ ಏರ್ಪಾಡು.