ಗಾಜಿಗೆ ತಕ್ಕ ಜ್ವಾಲೆ

ಟಾರ್ಚ್ ಎಂದರೆ ನಿಮಗೆ ಥಟ್ಟನೆ ನೆನಪಾಗುವುದು ಕರೆಂಟು ಹೋದಾಗ ಹುಡುಕುವ ಬ್ಯಾಟರಿ ದೀಪ. ಗಾಜಿನ ಕೆಲಸಗಾರರ ಟಾರ್ಚ್ ಬೇರೆಯದೇ. ಅದು ಇಂಧನ ಅನಿಲವನ್ನೂ ಆಮ್ಲಜನಕವನ್ನೂ ಸೇರಿಸಿ ಉರಿಸುವ ಉಪಕರಣ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಬೀಕರು, ಕಂಡೆನ್ಸರುಗಳು ಸಾಮಾನ್ಯವಾಗಿ ಬೋರೋಸಿಲಿಕೇಟ್ ಗಾಜಿನವು. ಅದೇ ಗಾಜಿನಲ್ಲಿ ಶಿಲ್ಪ ಮಾಡಬಯಸುವವರು ಮೊದಲು ಎದುರಿಸುವ ಪ್ರಶ್ನೆ, ಯಾವ ಟಾರ್ಚ್ ಆರಿಸಿಕೊಳ್ಳಬೇಕು ಎಂಬುದು. ‘ಎಲ್ಲಕ್ಕಿಂತ ಹೆಚ್ಚು ಬಿಸಿಯಾದದ್ದು’ ಎಂದು ನೀವು ಹೇಳಬಹುದು. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ದೀಪದ ಉರಿಗೆ ಗಾಳಿ ಊದಿ ಬಿಸಿಯನ್ನು ಒಂದೆಡೆ ಕೂಡಿಸುವ ಉಪಾಯ ಬಹಳ ಹಳೆಯದು. ನಮ್ಮ ಅಕ್ಕಸಾಲಿಗರು ಊದುಗೊಳವೆಯಿಂದ ಮಾಡುತ್ತಿದ್ದುದೂ ಇದನ್ನೇ. ಜರ್ಮನಿಯ ಡ್ರೆಸ್ಡೆನ್ ಬಳಿ ಲಿಯೋಪೋಲ್ಡ್ ಬ್ಲಾಷ್ಕಾ (1822–1895) ಮತ್ತು ಅವರ ಮಗ ರುಡಾಲ್ಫ್ (1857–1939) ದೀಪದ ಜ್ವಾಲೆ ಹಾಗೂ ಕಾಲಲ್ಲಿ ಒತ್ತುವ ತಿದಿಯ ನೆರವಿನಿಂದಲೇ ಗಾಜಿನ ಕಡಲಜೀವಿಗಳನ್ನು ಮಾಡಿದರು. 1887ರಿಂದ 1936ರವರೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕಾಗಿ 4,000ಕ್ಕೂ ಹೆಚ್ಚು ಸಸ್ಯ ಮಾದರಿಗಳನ್ನು ರಚಿಸಿಕೊಟ್ಟರು. ಅವುಗಳ ಕೇಸರ, ಎಸಳುಗಳನ್ನು ನೋಡಿದವರಿಗೆ ಅವು ಗಾಜು ಎಂದು ನಂಬುವುದೇ ಕಷ್ಟ. ಆ ಮಂದ ಜ್ವಾಲೆ ಅವರಿಗೆ ಸಾಕಾಯಿತು, ಏಕೆಂದರೆ ಅವರು ಬಳಸಿದ್ದು ಬೇಗ ಮೆತ್ತಗಾಗುವ ಗಾಜು.

ಅದೇ ಕಾಲದಲ್ಲಿ ಜರ್ಮನಿಯ ಇನ್ನೊಂದು ಊರಾದ ಯೇನಾದಲ್ಲಿ ಬೇರೊಂದು ಗಾಜು ಹುಟ್ಟುತ್ತಿತ್ತು. ಆಟೋ ಷಾಟ್ ಎಂಬ ರಸಾಯನ ವಿಜ್ಞಾನಿ 1884ರಲ್ಲಿ ಎರ್ನ್‌ಸ್ಟ್ ಅಬ್ಬೆ ಮತ್ತು ಕಾರ್ಲ್ ಜೈಸ್ ಅವರೊಡನೆ ಗಾಜಿನ ಪ್ರಯೋಗಶಾಲೆ ಆರಂಭಿಸಿದರು. ಅಲ್ಲಿ ಬೋರಾನ್ ಸೇರಿಸಿ ತಯಾರಿಸಿದ ಗಾಜು ಬಿಸಿಗೆ ಅಷ್ಟಾಗಿ ಹಿಗ್ಗುತ್ತಿರಲಿಲ್ಲ. ಇಂದಿನ ಬೋರೋಸಿಲಿಕೇಟ್ ಗಾಜಿನಲ್ಲಿ ಸುಮಾರು 81 ಭಾಗ ಸಿಲಿಕಾ, 13 ಭಾಗ ಬೋರಾನ್ ಆಕ್ಸೈಡ್ ಇರುತ್ತದೆ. ಕಿಟಕಿಯ ಗಾಜು ಬಿಸಿಗೆ ಎಷ್ಟು ಹಿಗ್ಗುತ್ತದೋ ಅದರ ಮೂರನೆಯ ಒಂದು ಭಾಗದಷ್ಟೇ ಇದು ಹಿಗ್ಗುತ್ತದೆ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೂ ಸುಲಭವಾಗಿ ಸಿಡಿಯದಿರುವುದಕ್ಕೆ ಇದೇ ಕಾರಣ. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಇಂಥದೇ ಗಾಜನ್ನು ಪೈರೆಕ್ಸ್ ಎಂಬ ಹೆಸರಿನಲ್ಲಿ ಅಡುಗೆಮನೆಗೂ ತಂದಿತು.

ಶಿಲ್ಪಿಗೆ ಇದು ವರವೆಂದು ತೋರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಸಾಮಾನ್ಯ ಗಾಜನ್ನು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇನಿನಂತೆ ಎಳೆದು ಬಗ್ಗಿಸಬಹುದು. ಬೋರೋಸಿಲಿಕೇಟ್‌ಗೆ ಸುಮಾರು 1,250 ಡಿಗ್ರಿ ಬೇಕು. ಗಾಳಿಯಲ್ಲಿ ಉರಿಯುವ ಪ್ರೊಪೇನ್ ಜ್ವಾಲೆಯ ಉಷ್ಣತೆ ಹೆಚ್ಚೆಂದರೆ 1,900ರಿಂದ 2,000 ಡಿಗ್ರಿ. ಹಾಗಾದರೆ ಅಷ್ಟು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಕಾದ ಗಾಜು ತನ್ನ ಶಾಖವನ್ನು ಸುತ್ತಲೂ ಸೂಸುತ್ತಲೇ ಇರುತ್ತದೆ. ಕಳೆದುಕೊಳ್ಳುವುದಕ್ಕಿಂತ ವೇಗವಾಗಿ ಶಾಖ ಒಳಗೆ ಬಂದರೆ ಮಾತ್ರ ದಪ್ಪ ಗಾಜು ಕರಗುತ್ತದೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ಅದು ಉರಿಯಲು ನೆರವಾಗದೆ, ಉರಿಯ ಶಾಖವನ್ನು ಮಾತ್ರ ಹಂಚಿಕೊಳ್ಳುತ್ತದೆ. ಗಾಳಿಯ ಬದಲು ಶುದ್ಧ ಆಮ್ಲಜನಕ ಕೊಟ್ಟರೆ ಅದೇ ಪ್ರೊಪೇನ್ ಜ್ವಾಲೆ ಸುಮಾರು 2,800 ಡಿಗ್ರಿಗೆ ಏರುತ್ತದೆ.

ಆಮ್ಲಜನಕದ ಜ್ವಾಲೆ ಆ ವೇಳೆಗೆ ಹೊಸದೇನಲ್ಲ. 1801ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಹೇರ್ ಜಲಜನಕವನ್ನೂ ಆಮ್ಲಜನಕವನ್ನೂ ಬೇರೆ ಬೇರೆ ಕೊಳವೆಗಳಲ್ಲಿ ತಂದು ತುದಿಯಲ್ಲಿ ಕೂಡಿಸಿ ಉರಿಸಿದರು. 1816ರ ಸುಮಾರಿಗೆ ಕೇಂಬ್ರಿಜ್‌ನ ಎಡ್ವರ್ಡ್ ಕ್ಲಾರ್ಕ್ ಎರಡೂ ಅನಿಲಗಳನ್ನು ಮೊದಲೇ ಬೆರೆಸಿ ಪೆಟ್ಟಿಗೆಯಲ್ಲಿ ಒತ್ತಿ ತುಂಬಿ ಉರಿಸಿದರು. ಜ್ವಾಲೆ ಬಹಳ ತೀಕ್ಷ್ಣವಾಯಿತು, ಆದರೆ ಪೆಟ್ಟಿಗೆ ಸ್ಫೋಟಗೊಂಡದ್ದೂ ಉಂಟು. ಈ ಎರಡು ದಾರಿಗಳನ್ನು ನೆನಪಿಡಿ. ಕಾರ್ಲ್ ಫಾನ್ ಲಿಂಡೆ 1895ರಲ್ಲಿ ಗಾಳಿಯನ್ನು ದ್ರವವಾಗಿಸುವ ಯಂತ್ರ ರೂಪಿಸಿ, 1902ರಲ್ಲಿ ಅದರಿಂದ ಆಮ್ಲಜನಕವನ್ನು ಬೇರ್ಪಡಿಸಿದ ಮೇಲೆ ಆಮ್ಲಜನಕ ಅಗ್ಗವಾಗತೊಡಗಿತು. ಗಾಜು ಊದುವವರ ಮೇಜಿನ ಬಳಿಗೆ ಸಿಲಿಂಡರು ಬಂದದ್ದು ಆ ಬಳಿಕ.

ಹೀಗೆ ಪ್ರಯೋಗಾಲಯದ ಗಾಜೂ ಪ್ರಯೋಗಾಲಯದ ಜ್ವಾಲೆಯೂ ಕಲೆಯ ಕಡೆಗೆ ಬಂದವು. ಯೇನಾದಲ್ಲೇ 1941ರಲ್ಲಿ ಹುಟ್ಟಿದ ಹಾನ್ಸ್ ಗೋಡೊ ಫ್ರೇಬಲ್ ವೈಜ್ಞಾನಿಕ ಗಾಜಿನ ಕೆಲಸ ಕಲಿತು, ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದರು. 1968ರಲ್ಲಿ ಅಟ್ಲಾಂಟಾದಲ್ಲಿ ಸ್ವಂತ ಕಾರ್ಯಾಗಾರ ತೆರೆದು ಬೋರೋಸಿಲಿಕೇಟ್ ಶಿಲ್ಪಗಳಿಗೆ ಹೆಸರಾದರು.

ಈಗ ಆಯ್ಕೆಯ ಮಾತಿಗೆ ಬರೋಣ. ನೀವು ಗಾಜಿನಲ್ಲಿ ಒಂದು ಹಂಸ ಮಾಡಬೇಕು ಎಂದುಕೊಳ್ಳಿ. ದಪ್ಪ ಮೈ, ಬಳುಕುವ ಕೊರಳು, ಸಣ್ಣ ಕೊಕ್ಕು. ಅನಿಲಗಳನ್ನು ಒಳಗೇ ಬೆರೆಸಿ ಹೊರಬಿಡುವ ಟಾರ್ಚ್ ಕ್ಲಾರ್ಕ್ ಅವರ ದಾರಿಯದು, ಆದರೆ ಬಹಳ ಸುಧಾರಿಸಿದ್ದು. ಅದರ ಜ್ವಾಲೆ ಚೂಪು, ರಭಸ ಹೆಚ್ಚು, ಸದ್ದೂ ಹೆಚ್ಚು. ಕೊಕ್ಕನ್ನು ಸರಿಯಾದ ಜಾಗದಲ್ಲಿ ಬೆಸೆಯಲು ಅನುಕೂಲ. ಆದರೆ ಅನಿಲ ಹೊರಬರುವ ವೇಗ ಉರಿ ಹರಡುವ ವೇಗಕ್ಕಿಂತ ಕಡಿಮೆಯಾದರೆ ಬೆಂಕಿ ಟಾರ್ಚಿನ ಒಳಕ್ಕೇ ನುಗ್ಗುತ್ತದೆ. ಅನಿಲಗಳನ್ನು ಬಾಯಲ್ಲಿ ಮಾತ್ರ ಕೂಡಿಸುವ ಟಾರ್ಚ್ ಹೇರ್ ಅವರ ದಾರಿಯದು. ಬೆರೆತ ಅನಿಲ ಒಳಗಿಲ್ಲವಾದ್ದರಿಂದ ಉರಿ ಹಿಂದಕ್ಕೆ ಹೋಗುವ ಭಯ ತೀರ ಕಡಿಮೆ. ಜ್ವಾಲೆ ಶಾಂತ, ಅಗಲ. ಹಂಸದ ಮೈಯನ್ನು ಒಂದೇ ಸಮನೆ ಕಾಯಿಸಲು ಇದೇ ಬೇಕು. ನಡುವೆ ಸಣ್ಣ ಜ್ವಾಲೆ, ಸುತ್ತ ದೊಡ್ಡ ಜ್ವಾಲೆ ಇರುವ ಟಾರ್ಚುಗಳೂ ಉಂಟು.

ಈ ಸಮನಾದ ಕಾವು ಚಿಕ್ಕ ಸಂಗತಿಯಲ್ಲ. ದಪ್ಪ ಭಾಗ ನಿಧಾನವಾಗಿ, ತೆಳು ಭಾಗ ಬೇಗ ತಣಿಯುವುದರಿಂದ ಎರಡರ ನಡುವೆ ಎಳೆತ ಉಳಿಯುತ್ತದೆ. ಕಡಿಮೆ ಹಿಗ್ಗುವ ಗಾಜೂ ಆಗ ಒಡೆಯುತ್ತದೆ, ಕೆಲವೊಮ್ಮೆ ದಿನಗಳ ಬಳಿಕ. ಆದ್ದರಿಂದ ಮುಗಿದ ಶಿಲ್ಪವನ್ನು ಸುಮಾರು 560 ಡಿಗ್ರಿಯ ಕುಲುಮೆಯಲ್ಲಿಟ್ಟು ಮೆಲ್ಲಗೆ ತಣಿಸುತ್ತಾರೆ. ಎರಡೂ ಕೈಯಲ್ಲಿ ಗಾಜು ಹಿಡಿದು ತಿರುಗಿಸುವವರಿಗೆ ಮೇಜಿಗೆ ಬಿಗಿದ ಟಾರ್ಚ್ ಸರಿ. ಶಿಲ್ಪ ಕದಲಿಸಲಾಗದಷ್ಟು ದೊಡ್ಡದಾದರೆ ಕೈಯಲ್ಲಿ ಹಿಡಿಯುವ ಟಾರ್ಚನ್ನೇ ಅದರ ಸುತ್ತ ಆಡಿಸಬೇಕು.

ಇನ್ನು ಅತಿ ಬಿಸಿಯ ಜ್ವಾಲೆಯ ಮಾತು. ಆಮ್ಲಜನಕದಲ್ಲಿ ಅಸಿಟಿಲೀನ್ 3,000 ಡಿಗ್ರಿಗೂ ಮೇಲೆ ಉರಿಯುತ್ತದೆ. ಲೋಹ ಬೆಸೆಯಲು ಅದು ಉತ್ತಮ. ಗಾಜಿನವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಅದರ ಮಸಿ ಗಾಜನ್ನು ಕೆಡಿಸುತ್ತದೆ, ತೀಕ್ಷ್ಣ ಕಾವು ಮೇಲ್ಮೈಯನ್ನು ಕುದಿಸುತ್ತದೆ. ಪ್ರೊಪೇನ್ ಜ್ವಾಲೆಯಲ್ಲೂ ಆಮ್ಲಜನಕ ಕಡಿಮೆಯಾದರೆ ಬಣ್ಣದ ಗಾಜಿನೊಳಗಿನ ಲೋಹದ ಆಕ್ಸೈಡುಗಳು ಬದಲಾಗಿ ಬಣ್ಣ ಮಂಕಾಗಬಹುದು. ಹಾಗಾಗಿ ಬೇಕಾದಷ್ಟು ಆಮ್ಲಜನಕ ಕೊಡಬಲ್ಲ ಏರ್ಪಾಡು ಇದೆಯೇ ಎಂದು ನೋಡಿಕೊಂಡೇ ಟಾರ್ಚಿನ ಗಾತ್ರ ನಿರ್ಧರಿಸಬೇಕು.

ಕಣ್ಣನ್ನು ಮರೆಯುವಂತಿಲ್ಲ. ಕಾದ ಗಾಜಿನ ಸೋಡಿಯಂ ಹಳದಿ ಪ್ರಭೆ ಸೂಸುತ್ತದೆ. ಅದರ ಮುಂದೆ ಕೆಲಸದ ಜಾಗ ಸರಿಯಾಗಿ ಕಾಣುವುದಿಲ್ಲ. ಡಿಡಿಮಿಯಂ ಕನ್ನಡಕ ಆ ಹಳದಿಯನ್ನು ಹೀರಿಕೊಳ್ಳುತ್ತದೆ, ಆದರೆ ಅವಕೆಂಪು ಕಿರಣಗಳನ್ನು ಅಷ್ಟಾಗಿ ತಡೆಯದು. ಬೋರೋಸಿಲಿಕೇಟ್‌ನ ದೊಡ್ಡ ಕೆಲಸಕ್ಕೆ ಇನ್ನೂ ಗಾಢವಾದ, ಅವನ್ನೂ ತಡೆಯುವ ಕನ್ನಡಕ ಬೇಕು.

ಈ ಕೆಲಸವನ್ನು ಬಲ್ಲವರ ಬಳಿ ನಿಂತೇ ಕಲಿಯಬೇಕು, ಮನೆಯಲ್ಲಿ ಪ್ರಯತ್ನಿಸಬೇಡಿ. ಆದರೆ ಇದರ ಮೂಲ ಪಾಠ ನಿಮ್ಮ ಪ್ರಯೋಗಾಲಯದಲ್ಲೇ ಇದೆ. ಬುನ್ಸೆನ್ 1855ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಬಳಕೆಗೆ ತಂದ ಬರ್ನರ್ ಇಂದಿಗೂ ನಿಮ್ಮ ಮೇಜಿನ ಮೇಲಿದೆ. ಅಧ್ಯಾಪಕರ ಎದುರಿನಲ್ಲಿ ಅದರ ಗಾಳಿಕಿಂಡಿಯನ್ನು ಮುಚ್ಚಿ ನೋಡಿ, ಉರಿ ಹಳದಿಯಾಗಿ ಓಲಾಡುತ್ತದೆ. ತೆರೆಯಿರಿ, ನೀಲಿಯಾಗಿ ನೆಟ್ಟಗಾಗುತ್ತದೆ. ಅನಿಲ ಅದೇ, ಬದಲಾದದ್ದು ಬೆರಕೆ ಮಾತ್ರ. ಟಾರ್ಚ್ ಆರಿಸುವವರು ಅನಿಲ ಎಲ್ಲಿ ಬೆರೆಯುತ್ತದೆ, ಎಷ್ಟು ಬೆರೆಯುತ್ತದೆ, ಯಾವ ಕೆಲಸಕ್ಕೆ ಬೆರೆಯುತ್ತದೆ ಎಂದು ಕೇಳುತ್ತಾರೆ. ಎಷ್ಟು ಬಿಸಿ ಎಂಬುದು ಆಮೇಲಿನ ಪ್ರಶ್ನೆ.